ಹುಕ್ಕೇರಿಯಲ್ಲಿ ಇಳಿದುಕೊಳ್ಳಬೇಡಿ ಎನ್ನುವವರಿಗೆ

"ಗೋಕಾಕ ನೋಡ್ಬೇಕೇನ್ರಿ? ಬೆಳಗಾವ್ಯಾಗ ಒಂದು ಚಲೋ ಹೋಟೆಲ್ ನೋಡ್ಕೋರಿ. ಮುಂಜಾನೆ ಗಾಡಿ ತಗೊಂಡು ಹೋಗ್ರಿ, ಸಂಜಿಮುಂದ ತಿರಗಿ ಬಂದುಬಿಡ್ರಿ." ಈ ಮಾತನ್ನು ಬೆಂಗಳೂರಿನವರು ಹೇಳಿದರೆ ಹೇಗೋ ನುಂಗಿಕೊಳ್ಳಬಹುದು. ಆದರೆ ಗೋಕಾಕದವರೇ ಹೇಳುತ್ತಾರೆ. ಹುಕ್ಕೇರಿಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, "ನಮ್ಮೂರಾಗ ಏನೈತ್ರಿ ಉಳಕೊಳ್ಳಾಕ!" ಎಂದು ನಕ್ಕುಬಿಡುತ್ತಾರೆ. ಬಂದ ನೆಂಟನಿಗೆ ಚಹಾ ಕುಡಿಸಿ, ಊಟ ಹಾಕಿ, ಕೈಗೆ ಕರದಂಟಿನ ಪೊಟ್ಟಣ ಕೊಟ್ಟು, ಕತ್ತಲಾಗುವ ಮೊದಲೇ ಊರು ದಾಟಿಸುವುದು ನಮ್ಮ ಕಡೆಯ ಅತಿಥಿ ಸತ್ಕಾರದ ಹೊಸ ಪದ್ಧತಿಯಾಗಿದೆ.

ಈ ಬುದ್ಧಿವಾದದ ಹಿಂದೆ ಒಂದು ಪೂರ್ತಿ ಸಿದ್ಧಾಂತವೇ ಇದೆ. ದೊಡ್ಡ ಊರಿನಲ್ಲಿ ಇಳಿಯಬೇಕು, ಆ ದೊಡ್ಡ ಊರಿನಲ್ಲೂ 'ಒಳ್ಳೆಯ ಏರಿಯಾ'ದಲ್ಲಿ ಇಳಿಯಬೇಕು. ಬೆಳಗಾವಿಯಾದರೆ ಕ್ಯಾಂಪ್, ಕಾಲೇಜು ರಸ್ತೆ, ಹೆಚ್ಚೆಂದರೆ ಟಿಳಕವಾಡಿ. ಖಡೇಬಜಾರು, ಶಹಾಪುರದ ಗಲ್ಲಿಗಳು ಸೀರೆ ಕೊಳ್ಳಲಿಕ್ಕೆ ಸರಿ, ಮಲಗಲಿಕ್ಕೆ ಸಲ್ಲವು. ಹುಕ್ಕೇರಿ ತಾಲ್ಲೂಕಿನಲ್ಲೇ ಉಳಿಯಬೇಕಾಗಿ ಬಂದರೆ ಸಂಕೇಶ್ವರದ ಬಳಿ ಹೆದ್ದಾರಿಯ ಪಕ್ಕದ ಲಾಡ್ಜ್ ಇದ್ದೇ ಇದೆ. ಪೇಟೆಯೊಳಗೆ, ಬಸ್ ನಿಲ್ದಾಣದ ಎದುರಿಗೆ, ಸಂತೆಯ ಬೀದಿಯಲ್ಲಿ ಮಾತ್ರ ಬೇಡವೇ ಬೇಡ. ಇದನ್ನು ಹೇಳುವವರ ದನಿಯಲ್ಲಿ ಎಂಥ ಖಚಿತತೆ ಇರುತ್ತದೆಂದರೆ, ಅವರಲ್ಲಿ ಎಷ್ಟು ಮಂದಿ ಗೋಕಾಕದ ಪೇಟೆಯಲ್ಲಿ ಒಂದು ರಾತ್ರಿ ಕಳೆದಿದ್ದಾರೆ ಎಂದು ಕೇಳುವ ಧೈರ್ಯ ಯಾರಿಗೂ ಬರುವುದಿಲ್ಲ.

ನಾನು ಕೇಳುತ್ತೇನೆ. ಏಕೆಂದರೆ ಈ ಸಿದ್ಧಾಂತ ಬುಡದಲ್ಲೇ ತಪ್ಪು. ಪ್ರವಾಸಿ ಎಲ್ಲಿ ಮಲಗುತ್ತಾನೆ ಎಂಬುದರ ಮೇಲೆ ಅವನಿಗೆ ದಿನದ ಯಾವ ಹೊತ್ತು ದಕ್ಕುತ್ತದೆ ಎಂಬುದು ನಿಂತಿದೆ. ಹುಕ್ಕೇರಿ, ಗೋಕಾಕ, ಮೂಡಲಗಿಯ ಸೀಮೆಯಲ್ಲಿ ನೋಡತಕ್ಕದ್ದೆಲ್ಲ ನಸುಕಿನಲ್ಲಿದೆ, ಮುಸ್ಸಂಜೆಯಲ್ಲಿದೆ, ನಡುರಾತ್ರಿಯಲ್ಲಿದೆ. ಬೆಳಗಾವಿಯಲ್ಲಿ ಮಲಗಿದವನಿಗೆ ಸಿಗುವುದು ನೆತ್ತಿ ಸುಡುವ ಮಧ್ಯಾಹ್ನ ಒಂದೇ.

ಲೆಕ್ಕ ಹಾಕಿ ನೋಡಿ. ಬೆಳಗಾವಿಯಿಂದ ಗೋಕಾಕಕ್ಕೆ ಹತ್ತಿರಹತ್ತಿರ 70 ಕಿಲೋಮೀಟರು. ಹೋಟೆಲಿನ ತಿಂಡಿ ಮುಗಿಸಿ ಒಂಬತ್ತಕ್ಕೆ ಹೊರಟವರು ಫಾಲ್ಸ್ ಮುಟ್ಟುವಾಗ ಹನ್ನೊಂದು. ಘಟಪ್ರಭೆ ಅಲ್ಲಿ ಸುಮಾರು 52 ಮೀಟರು ಧುಮುಕುತ್ತದೆ, ಮೇಲೆ ಸುಮಾರು 200 ಮೀಟರು ಉದ್ದದ ತೂಗುಸೇತುವೆ, ದಡದಲ್ಲಿ ಚಾಲುಕ್ಯರ ಕಾಲದ ಮಹಾಲಿಂಗೇಶ್ವರ ಗುಡಿ, ಬಗಲಿಗೆ 1885ರಲ್ಲಿ ಹುಟ್ಟಿದ ಕಂಪನಿಯ ಹತ್ತಿ ಗಿರಣಿ. ನಮ್ಮ ಪ್ರವಾಸಿ ಇದನ್ನೆಲ್ಲ ಬೆನ್ನ ಹಿಂದೆ ಇಟ್ಟುಕೊಂಡು ಸೆಲ್ಫಿ ತೆಗೆಯುತ್ತಾನೆ. ಮೆಕ್ಕೆತೆನೆ ಕಡಿಯುತ್ತಾನೆ. ಎರಡು ಗಂಟೆಗೆ ಗೊಡಚಿನಮಲ್ಕಿಗೆ ಓಡಿ ಮಾರ್ಕಂಡೇಯ ಹೊಳೆಯ ಜಲಪಾತವನ್ನೂ 'ಮುಗಿಸುತ್ತಾನೆ'. ಬರುವ ದಾರಿಯಲ್ಲಿ ಹಿಡಕಲ್ ಅಣೆಕಟ್ಟಿನ ಗೇಟಿನ ಹೊರಗೆ ಐದು ನಿಮಿಷ. ಏಳಕ್ಕೆ ಬೆಳಗಾವಿ, ಎಂಟಕ್ಕೆ ಪನೀರ್ ಬಟರ್ ಮಸಾಲಾ. ಮದುವೆಗೆ ಹೋಗಿ ಪಂಕ್ತಿ ಹಾಕುವ ಹೊತ್ತಿಗೆ ಎದ್ದು ಬಂದವನ ಹಾಗೆ, ಗೋಕಾಕ ನೋಡಿದೆ ಎಂದು ಆಮೇಲೆ ಊರೆಲ್ಲ ಹೇಳಿಕೊಂಡು ತಿರುಗುತ್ತಾನೆ.

ಅವನಿಗೆ ತಪ್ಪಿದ್ದು ಏನು? ಮೊದಲನೆಯದಾಗಿ ನೀರೇ ತಪ್ಪಿರಬಹುದು. ಗೋಕಾಕದ ಫಾಲ್ಸ್ ತಾನಾಗಿಯೇ ವರ್ಷವಿಡೀ ಸುರಿಯುವಂಥದ್ದಲ್ಲ. ಮೇಲೆ ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ರಾಜಾ ಲಖಮಗೌಡ ಜಲಾಶಯ ಇದೆ. ಅದರ ಕೆಳಗೆ ಧೂಪದಾಳದಲ್ಲಿ ಬ್ರಿಟಿಷರ ಕಾಲದ ಒಡ್ಡು ಇದೆ, ಅಲ್ಲಿಂದ ಕಾಲುವೆ ನೀರನ್ನು ಎಳೆದುಕೊಳ್ಳುತ್ತದೆ. ಇವೆಲ್ಲ ಬಿಟ್ಟುಕೊಟ್ಟ ಮೇಲೆ ಉಳಿದದ್ದು ಬಂಡೆಯ ಮೇಲಿಂದ ಇಳಿಯುತ್ತದೆ. ಜುಲೈಯಿಂದ ಅಕ್ಟೋಬರ್ ತನಕ ಮೈದುಂಬಿರುವ ಜಲಪಾತ ಏಪ್ರಿಲ್‌ನಲ್ಲಿ ಒಣ ಕಲ್ಲಿನ ಗೋಡೆ. ಹಿಡಕಲ್‌ನ ಗೇಟು ಯಾವಾಗ ಎತ್ತಿದರು, ಹೊಳೆ ಎಷ್ಟು ಏರಿದೆ ಎಂಬ ಸುದ್ದಿ ಗೋಕಾಕದ ಚಹಾದಂಗಡಿಯಲ್ಲಿ ಬೆಳಿಗ್ಗೆ ಆರಕ್ಕೆಲ್ಲ ಸಿಗುತ್ತದೆ. ಬೆಳಗಾವಿಯ ಹೋಟೆಲಿನ ಕೌಂಟರಿನಲ್ಲಿ ಹೋದ ವರ್ಷದ ಫೋಟೊ ಸಿಗುತ್ತದೆ. ಊರಿನಲ್ಲೇ ಇಳಿದವನು ಈ ಹೊತ್ತು ನೀರಿಲ್ಲ ಎಂದರೆ ನಾಳೆ ಹೋಗುತ್ತಾನೆ. ಒಂದೇ ದಿನಕ್ಕೆಂದು ಬಂದವನು ಬಾಡಿಗೆ ಗಾಡಿಯವನ ಮೇಲೆ ರೇಗುತ್ತಾನೆ. ಬೇಸಿಗೆಯಲ್ಲಿ ಬಂದವನಿಗೂ ನಷ್ಟವಿಲ್ಲ ಎಂಬುದು ಬೇರೆ ಮಾತು. ಆಗ ಹಿಡಕಲ್ ಹಿನ್ನೀರು ಇಳಿದು, ಮುಳುಗಿಹೋದ ಹುನ್ನೂರಿನ ವಿಠ್ಠಲನ ಗುಡಿ ಹೊರಗೆ ಬರುತ್ತದೆ. ಆದರೆ ಅದನ್ನು ಹೇಳುವವರು ಬೇಕಲ್ಲ! ಹೇಳುವವರು ಹುಕ್ಕೇರಿಯ ಬಸ್ ನಿಲ್ದಾಣದಲ್ಲಿ ಕೂತಿರುತ್ತಾರೆ, ಕ್ಯಾಂಪಿನಲ್ಲಲ್ಲ.

ಎರಡನೆಯದು ಹಕ್ಕಿ. ಧೂಪದಾಳದ ಹಿನ್ನೀರು 1974ರಿಂದ ಘಟಪ್ರಭಾ ಪಕ್ಷಿಧಾಮ. ಚಳಿಗಾಲಕ್ಕೆ ದೂರದೇಶದಿಂದ ಡೆಮೊಯ್ಸೆಲ್ ಕ್ರೇನ್ ಎಂಬ ಕ್ರೌಂಚಗಳು ಬಂದಿಳಿಯುತ್ತವೆ. ಹಕ್ಕಿ ನೋಡುವ ಹೊತ್ತು ಸೂರ್ಯ ಹುಟ್ಟುವ ಆಚೀಚೆ. ಆ ಹೊತ್ತಿಗೆ ಅಲ್ಲಿರಬೇಕಾದರೆ ಬೆಳಗಾವಿಯವರು ನಾಲ್ಕು ಗಂಟೆಗೇ ಗಾಡಿ ಹತ್ತಬೇಕು. ಹತ್ತಿದವರನ್ನು ನಾನು ಕಂಡಿಲ್ಲ. ಘಟಪ್ರಭಾ ರೈಲು ನಿಲ್ದಾಣದ ಸುತ್ತ ಇಳಿದವರಿಗೆ ಧೂಪದಾಳ ಮಗ್ಗುಲಲ್ಲೇ ಇದೆ. ಅದೇ ಊರಿನಲ್ಲಿ, ಸೇವಾದಳ ಕಟ್ಟಿದ ಡಾ. ನಾ. ಸು. ಹರ್ಡೀಕರರ ಹೆಸರಿನೊಂದಿಗೆ ಬೆಸೆದುಕೊಂಡ ಕರ್ನಾಟಕ ಆರೋಗ್ಯಧಾಮವೂ ಇದೆ. ಒಂದು ಕಾಲಕ್ಕೆ ಮಂದಿ ದೂರದಿಂದ ಇಲ್ಲಿಗೆ ಬಂದು ವಾರಗಟ್ಟಲೆ ಉಳಿದು ಮೈ ಸುಧಾರಿಸಿಕೊಂಡು ಹೋಗುತ್ತಿದ್ದರು. ಇಲ್ಲಿ ಉಳಿಯುವುದಕ್ಕೆ ಏನಿದೆ ಎಂದು ಅವರು ಕೇಳಿದಂತಿಲ್ಲ.

ಇನ್ನು ರಾತ್ರಿ. ಶ್ರೀಕೃಷ್ಣ ಪಾರಿಜಾತವೆಂಬ ಬಯಲಾಟಕ್ಕೆ ಮೈತುಂಬ ರೂಪ ಕೊಟ್ಟು ಹಳ್ಳಿಹಳ್ಳಿಗೆ ಒಯ್ದ ಕುಲಗೋಡ ತಮ್ಮಣ್ಣ ಈ ನೆಲದವರು. ಸ್ವಂತ ಮೇಳ ಕಟ್ಟಿ ಮೆರೆದ ಕೌಜಲಗಿ ನಿಂಗಮ್ಮನೂ ಇಲ್ಲಿಯವಳೇ. ಪಾರಿಜಾತ ಬೆಳ್ಳಂಬೆಳಗಿನ ತನಕ ನಡೆಯುವ ಆಟ. ಜಾತ್ರೆಯ ದಿನಗಳಲ್ಲಿ ಯಾವುದೋ ಹಳ್ಳಿಯಲ್ಲಿ ಆಟ ಇದೆಯೆಂದು ಪೇಟೆಯ ಖಾನಾವಳಿಯಲ್ಲಿ ರೊಟ್ಟಿ ಮುರಿಯುತ್ತಿರುವಾಗ ಕಿವಿಗೆ ಬೀಳುತ್ತದೆ. ಸಂಜೆ ಏಳಕ್ಕೆ ಬೆಳಗಾವಿ ಸೇರುವವನಿಗೆ ಭಾಮೆಯೂ ಇಲ್ಲ, ಕೊರವಂಜಿಯೂ ಇಲ್ಲ. ಮೂಡಲಗಿಯ ದನದ ಸಂತೆಯನ್ನು ತೆಗೆದುಕೊಳ್ಳಿ. ವ್ಯಾಪಾರ ಕುದುರುವುದು ಮುಂಜಾನೆ. ಹನ್ನೆರಡಕ್ಕೆ ಹೋದವರಿಗೆ ಸಿಗುವುದು ಸಗಣಿ ಮತ್ತು ಹುಲ್ಲಿನ ಕಡ್ಡಿ.

ಹುಕ್ಕೇರಿಗೆ ಬರೋಣ, ಏಕೆಂದರೆ ಈ ಊರಿಗೆ ಆದಷ್ಟು ಅನ್ಯಾಯ ಬೇರೆ ಯಾವುದಕ್ಕೂ ಆಗಿಲ್ಲ. ಪ್ರವಾಸದ ಕೈಪಿಡಿಗಳಲ್ಲಿ ಹುಕ್ಕೇರಿ ಎಂದರೆ ಒಂದು ಸಾಲು: 'ಆದಿಲ್‌ಶಾಹಿ ಗುಮ್ಮಟಗಳಿವೆ, ಹೋಗುವ ದಾರಿಯಲ್ಲಿ ನೋಡಬಹುದು.' ಎಲ್ಲಿಗೆ ಹೋಗುವ ದಾರಿಯಲ್ಲಿ? ವಿಜಯಪುರದ ಸುಲ್ತಾನರ ಸರದಾರರು ತಮ್ಮ ಗೋರಿ ಇಲ್ಲೇ ಆಗಲಿ ಎಂದುಕೊಂಡ ಊರು ಇದು. ದಾರಿಯ ನಡುವಿನ ನಿಲ್ದಾಣವಾಗಿದ್ದರೆ ಅಷ್ಟು ಎತ್ತರದ ಗುಮ್ಮಟ ಯಾರು ಕಟ್ಟುತ್ತಿದ್ದರು? ಗುಮ್ಮಟದ ನೆರಳು ಉದ್ದವಾಗುವ ಹೊತ್ತಿಗೆ ಅಲ್ಲಿಗೆ ನಡೆದು ಹೋಗಬೇಕು. ಪೇಟೆಯಲ್ಲಿ ಇಳಿದರೆ ಅದು ಕಾಲ್ನಡಿಗೆಯ ದೂರ. ಇನ್ನೊಂದು ವಿಷಯ ಯಾವ ಕೈಪಿಡಿಯೂ ಹೇಳುವುದಿಲ್ಲ. ಹುಕ್ಕೇರಿಯಲ್ಲಿ ಮಲಗಿದರೆ ನಿಮ್ಮ ತಲೆಯ ಮೇಲಿನ ಫ್ಯಾನು ತಿರುಗುವುದು ಜನರೇ ಕಟ್ಟಿದ ಸಂಘದ ವಿದ್ಯುತ್ತಿನಿಂದ. ರಾಜ್ಯದಲ್ಲೆಲ್ಲ ಬೆಸ್ಕಾಂ, ಹೆಸ್ಕಾಂ ಎಂದು ಸರ್ಕಾರಿ ಕಂಪನಿಗಳು ಬಿಲ್ಲು ಕೊಡುತ್ತಿದ್ದರೆ, ಇಲ್ಲಿ 1969ರಲ್ಲಿ ಹುಟ್ಟಿದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಇಂದಿಗೂ ಮನೆಮನೆಗೆ ವಿದ್ಯುತ್ ಹಂಚುತ್ತಿದೆ. ಕರ್ನಾಟಕದಲ್ಲಿ ಇಂಥದ್ದು ಇದೊಂದೇ. ಅದರ ಚುನಾವಣೆಯ ಕಾಲದಲ್ಲಿ ಹುಕ್ಕೇರಿಯ ಚಹಾದಂಗಡಿಯಲ್ಲಿ ಅರ್ಧ ಗಂಟೆ ಕೂತವನಿಗೆ ಈ ಸೀಮೆಯ ರಾಜಕೀಯ ತಿಳಿದಷ್ಟು, ಪತ್ರಿಕೆ ಓದಿ ತಿಳಿಯುವುದಿಲ್ಲ.

ಬರಹಗಾರರ ಊರುಗಳ ಪಾಡೂ ಇದೇ. ಚಂದ್ರಶೇಖರ ಕಂಬಾರರು ಹುಟ್ಟಿದ ಘೋಡಗೇರಿ ಹುಕ್ಕೇರಿ ತಾಲ್ಲೂಕಿನದು, ಘಟಪ್ರಭೆಯ ದಂಡೆಯ ಮೇಲಿನ ಊರು. ಅವರು ಹೈಸ್ಕೂಲು ಓದಿದ್ದು ಗೋಕಾಕದಲ್ಲಿ. ಬಸವರಾಜ ಕಟ್ಟೀಮನಿ ಹುಟ್ಟಿದ ಮಲಾಮರಡಿ, ಆನಂದಕಂದರು ಹುಟ್ಟಿದ ಬೆಟಗೇರಿ, ಎರಡೂ ಗೋಕಾಕ ಸೀಮೆಯವು. ಒಂದು ನದಿಯ ಆಸುಪಾಸಿನಲ್ಲಿ ಇಷ್ಟು ದೊಡ್ಡ ಬರಹಗಾರರು. ನಮ್ಮ ಕನ್ನಡದ ಪ್ರವಾಸಿಗರು ಇಂಗ್ಲೆಂಡಿಗೆ ಹೋದರೆ ಶೇಕ್ಸ್‌ಪಿಯರನ ಊರಿನಲ್ಲಿ ಕೋಣೆ ಹಿಡಿಯುತ್ತಾರೆ. ಘೋಡಗೇರಿಗೆ ಬಂದರೆ ಕಾರಿನ ಕಿಟಕಿ ಇಳಿಸುವುದೂ ಕಷ್ಟ.

ಈಗ 'ಒಳ್ಳೆಯ ಏರಿಯಾ' ಎಂಬ ಮಾತಿನ ಒಳಗೆ ಇಣುಕೋಣ. ಯಾವುದು ಒಳ್ಳೆಯದು ಎಂದು ಬಿಡಿಸಿ ಕೇಳಿದರೆ ಮೊದಲು ಸ್ವಚ್ಛತೆ ಎನ್ನುತ್ತಾರೆ, ಆಮೇಲೆ ಗದ್ದಲ ಎನ್ನುತ್ತಾರೆ, ಇನ್ನೂ ಕೆದಕಿದರೆ ದನಿ ತಗ್ಗಿಸಿ, "ಆ ಕಡೆ ಬೇರೆ ಮಂದಿ ಅದಾರ್ರಿ" ಎನ್ನುತ್ತಾರೆ. ಕಟುಕರ ಅಂಗಡಿ ಇರುವ ಗಲ್ಲಿ ಕೆಟ್ಟದ್ದು, ದರ್ಗಾದ ಮಗ್ಗುಲು ಕೆಟ್ಟದ್ದು, ದುಡಿಯುವವರ ಓಣಿಗಳು ಕೆಟ್ಟವು. ಉಳಿದದ್ದು ಯಾರೂ ನಡೆದಾಡದ ಹೊಸ ಬಡಾವಣೆ ಮತ್ತು ಹೆದ್ದಾರಿ. ಗೋಕಾಕ ತಾಲ್ಲೂಕಿನ ಸಾವಳಗಿಯ ಶಿವಲಿಂಗೇಶ್ವರ ಮಠ ಕಲಬುರಗಿಯ ಸೂಫಿ ಸಂತ ಬಂದೇ ನವಾಜರೊಂದಿಗಿನ ನಂಟನ್ನು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಅಂಥ ಸೀಮೆಗೆ ಬಂದವರಿಗೆ ಓಣಿಗಳನ್ನು ಜಾತಿಯ ಲೆಕ್ಕದಲ್ಲಿ ವಿಂಗಡಿಸಿ ಕೊಡುವ ಈ ಪುಕ್ಕಟೆ ಸಲಹೆಗಿಂತ ಹೊಲಸು ಯಾವ ಲಾಡ್ಜಿನ ಗೋಡೆಯ ಮೇಲೂ ಇಲ್ಲ.

ಎದುರಾಳಿಗಳ ಬಲವಾದ ಪ್ರಶ್ನೆ ಹೆಣ್ಣುಮಕ್ಕಳದು. ಒಬ್ಬಳೇ ಬಂದವಳು ಗೋಕಾಕದ ಬಸ್ ನಿಲ್ದಾಣದ ಎದುರು ಇಳಿಯಬಹುದೇ? ಈ ಪ್ರಶ್ನೆಯನ್ನು ನಗೆಯಾಡಿ ತಳ್ಳಿಹಾಕುವವನು ಮೂರ್ಖ. ಆದರೆ ಇದಕ್ಕೆ ಉತ್ತರವಾಗಿ ಹೆದ್ದಾರಿಯ ಲಾಡ್ಜನ್ನು ತೋರಿಸುವವನು ಅವನಿಗಿಂತ ದೊಡ್ಡ ಮೂರ್ಖ. ಹೆದ್ದಾರಿಯ ಲಾಡ್ಜಿನ ಕೆಳಗೆ ಬಾರು, ಮುಂದೆ ಲಾರಿಗಳ ಸಾಲು, ಹಿಂದೆ ಕಬ್ಬಿನ ಗದ್ದೆ. ಕೂಗಿದರೆ ಕೇಳುವವರಿಲ್ಲ, ಹೊರಟರೆ ಆಟೊ ಇಲ್ಲ. ಪೇಟೆಯಲ್ಲಿ ಔಷಧದ ಅಂಗಡಿ ಇದೆ, ಹೂವಿನವಳಿದ್ದಾಳೆ, ಮಕ್ಕಳನ್ನು ಕಟ್ಟಿಕೊಂಡು ಕೊನೆಯ ಬಸ್ಸಿಗೆ ಕಾಯುವ ತಾಯಂದಿರಿದ್ದಾರೆ, ನಿಲ್ದಾಣದಲ್ಲಿ ಕಂಟ್ರೋಲರ್ ಕೂತಿರುತ್ತಾನೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಈ ನಿಲ್ದಾಣಗಳಲ್ಲಿ ಹೆಣ್ಣುಮಕ್ಕಳದೇ ರಾಜ್ಯ. ಗೋಕಾಕದಿಂದ ಹುಕ್ಕೇರಿಗೆ, ಹುಕ್ಕೇರಿಯಿಂದ ಸಂಕೇಶ್ವರಕ್ಕೆ ರಾಜ್ಯದ ಹೆಣ್ಣುಮಗಳು ಕಾಸು ಬಿಚ್ಚದೆ ಓಡಾಡಬಲ್ಲಳು. ನಾಲ್ಕು ಮಂದಿಯ ಕಣ್ಣಿನ ಕಾವಲು ಯಾವ ಸಿಸಿ ಕ್ಯಾಮೆರಾಕ್ಕೂ ಕಡಿಮೆಯಲ್ಲ. ಒಂಟಿ ಹೆಣ್ಣೆಂದರೆ ಕೋಣೆ ಇಲ್ಲ ಎಂದು ಮುಖ ತಿರುಗಿಸುವ ಲಾಡ್ಜಿನವರು ನಮ್ಮ ಪೇಟೆಗಳಲ್ಲಿ ಇದ್ದಾರೆ ಎಂಬುದು ನಿಜ. ಅವರ ಪರವಾಗಿ ಹೇಳಲು ನನ್ನಲ್ಲಿ ಒಂದು ಮಾತೂ ಇಲ್ಲ. ಊರಿನವರೇ ಅವರಿಗೆ ಉಗಿದು ಬುದ್ಧಿ ಹೇಳಬೇಕು.

ಕೋಣೆಗಳು ಚೆನ್ನಾಗಿಲ್ಲ ಎಂಬ ದೂರು ಅರ್ಧ ಸತ್ಯ. ಹುಕ್ಕೇರಿಯಲ್ಲಿ ಆಯ್ಕೆ ಕಡಿಮೆ, ಒಪ್ಪಿದೆ. ಗೋಕಾಕದಲ್ಲಿ ನೋಡಿ ಆರಿಸಬೇಕು. ಮೊದಲು ಹಾಸಿಗೆಯ ಮೇಲಿನ ಚಾದರ ಎತ್ತಿ ನೋಡಿ, ಬಚ್ಚಲಿನ ನಲ್ಲಿ ತಿರುಗಿಸಿ, ಬಿಸಿನೀರು ಎಷ್ಟು ಗಂಟೆಗೆ ಎಂದು ಕೇಳಿ, ಆಮೇಲೆ ಹಣ ಕೊಡಿ. ಯಾರೂ ರಾತ್ರಿ ಉಳಿಯದ ಊರಿನಲ್ಲಿ ಒಳ್ಳೆಯ ಕೋಣೆ ಕಟ್ಟುವ ಹುಚ್ಚು ಯಾರಿಗಿದೆ? ಉಳಿಯಬೇಡಿ ಎಂದು ಹೇಳಿ ಹೇಳಿ ಕೋಣೆ ಹಾಳಾದದ್ದು, ಈಗ ಕೋಣೆ ಹಾಳಾಗಿದೆ ಎಂದು ಉಳಿಯಬೇಡಿ ಎನ್ನುವುದು. ಊರಿಗೊಂದು ಪ್ರವಾಸಿ ಮಂದಿರ ಇದೆಯಲ್ಲ ಎನ್ನಬೇಡಿ. ಅದರ ಹೆಸರಿನಲ್ಲಿರುವ ಪ್ರವಾಸಿ ನೀವಲ್ಲ, ಮಂತ್ರಿ.

ಓಣಿ ಆರಿಸುವಾಗ ನಿಜವಾಗಿ ಕೇಳಬೇಕಾದ ಪ್ರಶ್ನೆಗಳು ಬೇರೆಯೇ ಇವೆ, ಅವನ್ನು ಮಾತ್ರ ಯಾರೂ ಕೇಳುವುದಿಲ್ಲ. ನೀರು ಎಲ್ಲಿಯವರೆಗೆ ಬರುತ್ತದೆ? 2019ರ ಆಗಸ್ಟ್‌ನಲ್ಲಿ ಘಟಪ್ರಭೆ, ಮಾರ್ಕಂಡೇಯ ಎರಡೂ ಉಕ್ಕಿ ಗೋಕಾಕದ ದನದ ಪೇಟೆ, ಉಪ್ಪಾರ ಓಣಿಯಂಥ ತಗ್ಗಿನ ಭಾಗಗಳು ಮುಳುಗಿದವು, ಲೋಳಸೂರ ಸೇತುವೆ ನೀರಿನಡಿ ಹೋಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಗುಡ್ಡದ ಮೇಲಿನ ದೈತ್ಯ ಬಂಡೆಗಳು ಸಡಿಲಗೊಂಡು ಬುಡದ ಮನೆಗಳವರನ್ನು ತೆರವು ಮಾಡಿಸಬೇಕಾಯಿತು. ಆದ್ದರಿಂದ ಮಳೆಗಾಲದಲ್ಲಿ ನದಿ ಕಾಣುವ ಕೋಣೆಯೂ ಬೇಡ, ಗುಡ್ಡಕ್ಕೆ ಒರಗಿದ ಕೋಣೆಯೂ ಬೇಡ. ಬಸ್ ನಿಲ್ದಾಣದಿಂದ ಪೇಟೆಯ ಕಡೆಗಿನ ನಡುಭಾಗ ಸರಿ. ಹಕ್ಕಿಗಾಗಿ ಬಂದವರು ಘಟಪ್ರಭಾದಲ್ಲಿ, ರೈಲಿಗೆ ಸಮೀಪ. ಗುಮ್ಮಟ, ಹಿಡಕಲ್, ಘೋಡಗೇರಿ ಬೇಕೆಂದವರು ಹುಕ್ಕೇರಿಯ ಒಳಪೇಟೆಯಲ್ಲಿ. ಸಂಕೇಶ್ವರದಲ್ಲಾದರೆ ಸರ್ವಿಸ್ ರಸ್ತೆ ಬಿಟ್ಟು ಶಂಕರಲಿಂಗ ಗುಡಿಯ ಕಡೆಗೆ, ಹಿರಣ್ಯಕೇಶಿ ಹೊಳೆಗೆ ನಡೆದು ಹೋಗುವಷ್ಟು ಒಳಗೆ. ಊರಿನ ಯಾವುದೇ ಹಮಾಲನನ್ನು ಕೇಳಿದರೂ ಇದಿಷ್ಟನ್ನು ಹೇಳಿಯಾನು.

ಬೆಳಗಾವಿಯಲ್ಲೇ ಇಳಿಯಿರಿ ಎನ್ನುವವರು ಇನ್ನೊಂದನ್ನು ಮರೆಯುತ್ತಾರೆ. 2012ರಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆಯಾದ ಮೇಲೆ ಅಲ್ಲಿ ನಡೆಯುವ ಚಳಿಗಾಲದ ಅಧಿವೇಶನದ ದಿನಗಳಲ್ಲಿ ಬೆಳಗಾವಿಯ ಕೋಣೆಗಳೆಲ್ಲ ಶಾಸಕರಿಗೆ, ಅಧಿಕಾರಿಗಳಿಗೆ, ಪೊಲೀಸರಿಗೆ. ಹೆಚ್ಚಾಗಿ ಡಿಸೆಂಬರು ಅದು. ಧೂಪದಾಳಕ್ಕೆ ಹಕ್ಕಿ ಬರುವ ಕಾಲವೂ ಅದೇ. ಆಗಲಾದರೂ ಹುಕ್ಕೇರಿ, ಗೋಕಾಕಕ್ಕೆ ಕೊಠಡಿ ಕೇಳಿ ಬಂದವರನ್ನು ನಮ್ಮವರು ಧಾರವಾಡಕ್ಕೆ ಕಳಿಸದಿದ್ದರೆ ಸಾಕು.

ಹಗಲು ಬಂದು ಹೋಗುವವನಿಂದ ಊರಿಗೆ ಏನು ದಕ್ಕುತ್ತದೆ ಎಂಬುದನ್ನು ವೆನಿಸ್ ನಗರ ಚೆನ್ನಾಗಿ ಅರಿತಿದೆ. 2024ರ ಏಪ್ರಿಲ್‌ನಿಂದ ನಿಗದಿಯಾದ ದಿನಗಳಲ್ಲಿ ಒಂದೇ ದಿನಕ್ಕೆ ಬಂದು ಹೋಗುವವರು ಊರಿನೊಳಗೆ ಕಾಲಿಡಲು ಐದು ಯೂರೊ ಕೊಡಬೇಕೆಂದು ಅಲ್ಲಿ ಗೊತ್ತುಮಾಡಿದರು. ರಾತ್ರಿ ಉಳಿಯುವವರಿಗೆ ಈ ಶುಲ್ಕ ಇಲ್ಲ. ಗೋಕಾಕವನ್ನು ವೆನಿಸ್ಸಿಗೆ ಹೋಲಿಸುವಷ್ಟು ನನಗೆ ತಲೆ ಕೆಟ್ಟಿಲ್ಲ. ಆದರೆ ಫಾಲ್ಸ್‌ನ ಬಂಡೆಗಳ ಸಂದಿಯಲ್ಲಿ ಬಿದ್ದಿರುವ ಪ್ಲಾಸ್ಟಿಕ್ ತಟ್ಟೆ, ನೀರಿನ ಬಾಟಲಿ ಯಾರವು? ಬೆಳಗಾವಿಯಿಂದ ಊಟ ಕಟ್ಟಿಸಿಕೊಂಡು ಬಂದವರವು. ಅವರು ಇಲ್ಲಿ ಬಿಟ್ಟುಹೋಗುವುದು ಕಸ, ಒಯ್ಯುವುದು ಒಂದು ಪೊಟ್ಟಣ ಕರದಂಟು. ಪೇಟೆಯಲ್ಲಿ ಇಳಿದವನು ಎರಡು ಹೊತ್ತು ಖಾನಾವಳಿಯಲ್ಲಿ ಉಣ್ಣುತ್ತಾನೆ, ಸಂಜೆ ಮಿರ್ಚಿ ಭಜಿ ತಿನ್ನುತ್ತಾನೆ, ಕಿತ್ತುಹೋದ ಚಪ್ಪಲಿ ಹೊಲಿಸುತ್ತಾನೆ. ಪುರುಸೊತ್ತಿರುವುದರಿಂದ ಗೋಕಾಕದ ಬಣ್ಣದ ಮರದ ಹಣ್ಣುಕಾಯಿ ಮಾಡುವವರ ಮನೆ ಹುಡುಕಿಕೊಂಡು ಹೋಗುತ್ತಾನೆ. ದೊಡ್ಡ ಹೋಟೆಲಿನ ಶೋಕೇಸಿನಲ್ಲಿ ಬೊಂಬೆ ಕೊಳ್ಳುವವನ ಹಣದಲ್ಲಿ ಕುಶಲಕರ್ಮಿಯ ಕೈಗೆ ಸೇರುವುದು ಎಷ್ಟೆಂದು ನಮಗೆಲ್ಲ ಗೊತ್ತಿದೆ.

1997ರಲ್ಲಿ ಜೆ. ಎಚ್. ಪಟೇಲರ ಸರ್ಕಾರ ಗೋಕಾಕ, ಚಿಕ್ಕೋಡಿಗಳನ್ನು ಜಿಲ್ಲೆಯೆಂದು ಸಾರಿ, ಆಮೇಲೆ ಆ ಆದೇಶವನ್ನು ಹಿಂದೆ ತೆಗೆದುಕೊಂಡಿತು. ಅಂದಿನಿಂದ ಇಂದಿನವರೆಗೂ ಗೋಕಾಕದವರು ತಮ್ಮ ಊರು ಜಿಲ್ಲಾ ಕೇಂದ್ರವಾಗಬೇಕೆಂದು ಧರಣಿ ಕೂರುತ್ತಾರೆ, ಮನವಿ ಕೊಡುತ್ತಾರೆ, ಬಂದ್ ಮಾಡುತ್ತಾರೆ. ಅದು ನ್ಯಾಯವೇ. ಆದರೆ ಜಿಲ್ಲಾಧಿಕಾರಿ ಬಂದು ಇರಲು ಯೋಗ್ಯವಾದ ಊರು, ಶಿವಮೊಗ್ಗದಿಂದ ಬಂದ ಮಾಸ್ತರನ ಸಂಸಾರ ಒಂದು ರಾತ್ರಿ ತಂಗಲು ಅಯೋಗ್ಯ ಎಂದು ಧರಣಿಯ ಮಂಟಪದಿಂದ ಎದ್ದು ಮನೆಗೆ ಬಂದವರೇ ಹೇಳಿದರೆ ಹೇಗೆ?

ಹುಕ್ಕೇರಿಯವರೇ, ಗೋಕಾಕದವರೇ, ಮೂಡಲಗಿಯವರೇ, ಮುಂದಿನ ಸಲ ನೆಂಟರೋ ಗೆಳೆಯರೋ ಫೋನು ಮಾಡಿ ಎಲ್ಲಿ ಇಳಿಯಲಿ ಎಂದು ಕೇಳಿದರೆ ಬೆಳಗಾವಿಯ ಹೋಟೆಲಿನ ಹೆಸರು ಹೇಳಬೇಡಿ. ನಿಮ್ಮ ಪೇಟೆಯ ಲಾಡ್ಜಿಗೆ ನೀವೇ ಒಮ್ಮೆ ಹೋಗಿ ಕೋಣೆ ನೋಡಿ. ಚಾದರ ಬದಲಿಸಲು ಹೇಳಿ, ಮುಂಗಡ ಕೊಟ್ಟು ಚೀಟಿ ಬರೆಸಿಕೊಳ್ಳಿ. ಕೋಣೆ ಹೊಲಸಾಗಿದ್ದರೆ ಮಾಲೀಕನೊಂದಿಗೆ ಅಲ್ಲೇ ಜಗಳ ತೆಗೆಯಿರಿ. ಅವನು ನಿಮ್ಮ ಊರಿನವನೇ, ನಿಮ್ಮ ಮಾತು ಕೇಳುತ್ತಾನೆ.